ಮಣ್ಣಿಗಿಟ್ಟ ತಾಟು

ಆಗಸ್ಟ್ 31, ಭಾನುವಾರ. ಬೆಳಗ್ಗೆ 8

ಕಾಲುವೆ ಗೇಜ್ ನೋಡಿ ನೀರಿನ ಮಟ್ಟ ಬರೆದು ಬಂದೆ. ಚಹಾ ಆಯಿತು. ಡ್ರಮ್ ಸೆಟ್ಟಿನ ಸಿಂಬಲ್ ಒರೆಸಿದ್ದೂ ಆಯಿತು. ದೊಡ್ಡದೊಂದು, ಸಣ್ಣದೊಂದು, ಕಾಲಿನಿಂದ ಬಡಿಯುವ ಜೋಡಿ ಒಂದು. ಹಳೇ ಪಂಚೆಯ ತುಂಡು, ಬರೀ ಒಣ ಬಟ್ಟೆ. ನೀರು ತಾಗಿಸುವುದಿಲ್ಲ. ಯುಗಾದಿಗೆ ತಂದವು, ಐದು ತಿಂಗಳಾದರೂ ಇನ್ನೂ ಮುಖ ಕಾಣುತ್ತದೆ. ಅದರಲ್ಲಿ ನನ್ನ ಮುಖ ಅಗಲವಾಗಿ ಕಾಣುತ್ತದಲ್ಲ ಅಂದರೆ, ಇರುವುದೇ ಅಗಲ ಅಂತ ಹೆಂಡತಿ ಅಮರಮ್ಮನ ತೀರ್ಪು.

"ಈ ತಾಟು ಒರಸೋದ್ರಾಗ ಅರ್ಧ ಕಾಳಜಿ ನನ್ನ ಮ್ಯಾಲ ಇದ್ದಿದ್ರ ಇಷ್ಟೊತ್ತಿಗೆ ನಾನೂ ಹೊಳೀತಿದ್ನಲ್ರಿ" ಅಂದಳು. ಸಿಂಬಲ್‌ಗೆ ಹೆಂಡತಿ ಇಟ್ಟ ಹೆಸರು ತಾಟು. ಜಗಳವಿದ್ದ ದಿನ ಸವತಿ.

ಇಪ್ಪತ್ತೆರಡು ವರ್ಷ ಹಿತ್ತಾಳೆ ತಾಟಿನಲ್ಲೇ ದಿನ ತಳ್ಳಿದವನು ನಾನು. ಹೊಡೆದರೆ ಬೋಗುಣಿ ಬಿದ್ದ ಸದ್ದು. ಇವು ಕಂಚಿನವು. ಹೊಡೆದು ಬಿಟ್ಟರೆ ಹೊಳೆ ದಾಟಿ ಹೊಸಪೇಟೆಗೂ ಕೇಳಬೇಕು. ನೀರಾವರಿ ಇಲಾಖೆಯ ಹಾಜರಿ ಮಸ್ಟರ್‌ನಲ್ಲಿ ಗೇಜ್ ರೀಡರ್ ಗಾದಿಲಿಂಗಪ್ಪ. ಸ್ಟೇಜ್ ಮೇಲೆ ಡ್ರಮ್ಸ್ ಲಿಂಗಣ್ಣ. ಇಬ್ಬರಲ್ಲಿ ಎರಡನೆಯವನೇ ನನಗೆ ಇಷ್ಟ.

ಸಂಜೆ ಕುಷ್ಟಗಿಯಲ್ಲಿ ಗಣಪತಿ ಪೆಂಡಾಲ್ ಪ್ರೋಗ್ರಾಮ್. ನಾನು ಡ್ರಮ್ಸ್, ಗಂಗಾವತಿಯ ಇಮ್ರಾನ ಕೀಬೋರ್ಡ್, ಅಮರ ಹಾಡು. ಡಿಸೆಂಬರ್‌ನಲ್ಲಿ ಅವಳ ಥೈರಾಯ್ಡ್ ಗಂಟು ತೆಗೆದ ಮೇಲೆ ಇದೇ ಮೊದಲ ದೊಡ್ಡ ಸ್ಟೇಜ್. ಡಾಕ್ಟರ್ ಮೊದಲೇ ಹೇಳಿದ್ದರು. ದನಿ ಸ್ವಲ್ಪ ಇಳಿಯಬಹುದು. ತಿರುಗಿ ಬರಬಹುದು, ಬರದೆಯೂ ಇರಬಹುದು. ಕೊರಳ ಮೇಲಿನ ಗೆರೆ ಮುಚ್ಚಲು ಎರಡೆಳೆ ಸರ ತೆಗೆದಿಟ್ಟುಕೊಂಡಿದ್ದಾಳೆ. ಬೆಳಗಿನಿಂದ ನಾಲ್ಕು ಸಲ ಗಂಟಲಿಗೆ ಅಂತ ಜೇಷ್ಠಮಧು ಹಾಕಿದ ಬಿಸಿನೀರು ಕುಡಿದಳು.


ಸೆಪ್ಟೆಂಬರ್ 1. ಬೆಳಗ್ಗೆ 6

ಅಮರ ಇನ್ನೂ ಎದ್ದಿಲ್ಲ. ಎದ್ದಿದ್ದಾಳೆ, ಮಗ್ಗುಲು ಬದಲಿಸುತ್ತಿಲ್ಲ ಅಷ್ಟೇ.

ನಿನ್ನೆ ಎರಡು ಹಾಡು ಹೇಗೋ ಹೋದವು. ಮೂರನೆಯದರ ಚರಣದಲ್ಲಿ ಮೇಲೆ ಹೋಗಬೇಕು. ಹೋದಳು. ನಾನು ದೊಡ್ಡ ಸಿಂಬಲ್ ಹೊಡೆದೆ. ಅಲ್ಲಿ ಹೊಡೆಯುವುದೇ ರೂಢಿ, ಕೈ ತಾನೇ ಹೋಗುತ್ತದೆ. ಅದರ ಸದ್ದು ಇಳಿಯುವಷ್ಟರಲ್ಲಿ ಅವಳ ಸಾಲು ಮುಗಿದಿತ್ತು. ಒಬ್ಬರಿಗೂ ಕೇಳಿಸಿರಲಿಲ್ಲ. ಇಮ್ರಾನ ಮೈಕ್ ಏರಿಸಿದ. ಅದು ಕುಂಯ್ ಅಂತು. ಏರಿಸಿದ ಮೈಕ್‌ನಲ್ಲಿ ನನ್ನ ಸಿಂಬಲ್ಲೇ ಇನ್ನೂ ಜೋರಾಯಿತು.

ಹಿಂದಿನಿಂದ ಒಬ್ಬ ಕೂಗಿದ: "ಅಕ್ಕಾ, ಜೋರ್ ಹಾಡ್ರಿ! ಬರೇ ತಾಟ ಕೇಳಾಕತ್ತಾವು!"

ಜನ ನಕ್ಕರು. ಕೆಟ್ಟ ನಗೆ ಏನಲ್ಲ. ಆದರೂ ನಕ್ಕರು.

ಮನೆಗೆ ಬಂದು ಸರ ಬಿಚ್ಚಿಟ್ಟಳು. "ಇನ್ನ ಸಾಕ್ರಿ. ಅಂಗನವಾಡಿ ಹುಡುಗೂರಿಗೆ ಹಾಡಿದ್ರ ಆತು. ಅವು ನಗಂಗಿಲ್ಲ" ಅಂದಳು.

ಅಂಗನವಾಡಿ ಟೀಚರ್ ಆಗುವ ಮುಂಚೆಯೇ ಅವಳು ಹಾಡುವವಳು. ನಾನು ಆಗಷ್ಟೇ ಡ್ಯೂಟಿಗೆ ಸೇರಿದ್ದೆ. ಕಾಲುವೆ ಮೇಲೆ ಒಬ್ಬನೇ ಕೂತಿದ್ದೆ. ಇಲಾಖೆ ಕಾಲೋನಿಯ ಲೌಡ್‌ಸ್ಪೀಕರ್‌ನಲ್ಲಿ ಯಾರೋ ಹುಡುಗಿಯ ದನಿ. ಮುಖ ನೋಡಿರಲಿಲ್ಲ, ಹೆಸರು ಗೊತ್ತಿರಲಿಲ್ಲ. ಆ ದನಿಯ ಹತ್ತಿರ ಕೂರಲು ಒಂದು ನೆಪ ಬೇಕಿತ್ತು, ಡ್ರಮ್ಸ್ ಕಲಿತೆ. ಈಗ ಅವಳು ಹಾಡುವುದು ಬಿಟ್ಟರೆ ನಾನು ಯಾರಿಗೆ ಬಾರಿಸಲಿ? ಅವಳು ಬಿಡಬಾರದು. ಅಷ್ಟೇ ನನಗೆ ಬೇಕಾದದ್ದು.


ಸೆಪ್ಟೆಂಬರ್ 3

ಪುಸಲಾಯಿಸಿ ಸಂಜೆ ಪ್ರಾಕ್ಟೀಸ್‌ಗೆ ಕೂರಿಸಿದೆ. ಮೆಲ್ಲಗೆ ಬಾರಿಸಿದೆ. ಮುಟ್ಟಿಯೂ ಮುಟ್ಟದ ಹಾಗೆ. ಎರಡು ಸಾಲು ಹಾಡಿ ನಿಲ್ಲಿಸಿದಳು.

"ಯಾಕ್ರಿ? ಕೈಗೆ ಏನಾಗೈತ್ರಿ?"

"ಏನಿಲ್ಲ."

"ನನ್ನ ಸಲುವಾಗಿ ಮೆಲ್ಲಕ ಬಾರಸಾಕತ್ತೀರೇನ್ರಿ? ಹಂಗಿದ್ರ ಬ್ಯಾಡ್ರಿ. ಕುಂಟರಿಗೆ ಕೋಲು ಹಿಡದಂಗ ನನಗ ಹಿಡೀಬ್ಯಾಡ್ರಿ."

ಸಿಟ್ಟು ಬಂದಷ್ಟೂ ಅವಳ ಮಾತಿನಲ್ಲಿ 'ರಿ' ಹೆಚ್ಚು.


ಸೆಪ್ಟೆಂಬರ್ 4

ಸಿಂಬಲ್ ಅಡಿಗೆ ಗಮ್ ಟೇಪ್ ಅಂಟಿಸಿದೆ. ಸದ್ದು ಇಳಿಯುತ್ತದೆ, ಎಲ್ಲರೂ ಮಾಡುವ ಕೆಲಸ. ಕಸ ಗುಡಿಸಲು ಬಗ್ಗಿದವಳ ಕಣ್ಣಿಗೆ ಬಿತ್ತು.

"ಇದಕ್ಯಾಕ ಪಟ್ಟಿ ಹಚ್ಚೀರಿ? ಇದಕ್ಕೂ ಆಪರೇಷನ್ ಆತೇನು?"

ತೆಗೆದೆ. ಕೈಯಲ್ಲಿ ಮಾಡಿದರೆ ತಿಳಿಯುತ್ತದೆ, ಟೇಪ್ ಹಚ್ಚಿದರೆ ಕಾಣುತ್ತದೆ. ಸಿಂಬಲ್ ತಾನೇ ತಗ್ಗಬೇಕು.


ಸೆಪ್ಟೆಂಬರ್ 6, ಶನಿವಾರ

ಗಂಗಾವತಿಗೆ ಹೋಗಿದ್ದೆ. ಇಮ್ರಾನನ ಮೊಬೈಲ್ ಅಂಗಡಿ. ಅವನು ಮೂರು ಮಕ್ಕಳ ತಂದೆ, ಆದರೂ ದಿನವಿಡೀ ವಿಡಿಯೋ ನೋಡುತ್ತಾನೆ. ಅದರಿಂದ ಮೊದಲ ಸಲ ಉಪಯೋಗ ಆಯಿತು.

ಫಾರಿನ್ ಡ್ರಮ್ಮರ್‌ಗಳು ಹೊಸ ಸಿಂಬಲ್ ತಂದು ಬೇಕಂತಲೇ ಹಳೆಯದು ಮಾಡುತ್ತಾರೆ. ಉಪ್ಪು, ಹುಳಿ ಬಳಿದು ಮಣ್ಣಿನಲ್ಲಿ ಹೂಳುತ್ತಾರೆ. ತಿಂಗಳಾದ ಮೇಲೆ ತೆಗೆದರೆ ಬಣ್ಣವೂ ಬೇರೆ, ದನಿಯೂ ಬೇರೆ. ಹುಚ್ಚರು ಅಂದೆ. ಆಮೇಲೆ ಇಮ್ರಾನ ಹೂಳುವ ಮುಂಚಿನ ಸದ್ದು, ಆಮೇಲಿನ ಸದ್ದು ಎರಡನ್ನೂ ಕಿವಿಗೆ ಹಾಕಿದ. ಚೂಪು ಹೋಗಿತ್ತು. ಮೇಲಿನ ಕಿರುಚಾಟ ಜರಡಿ ಹಿಡಿದ ಹಾಗೆ ಹೋಗಿ ತಳದ ದನಿ ಮಾತ್ರ ಉಳಿದಿತ್ತು.

ಮೂರು ಸಲ ಕೇಳಿದೆ.

"ಲಿಂಗಣ್ಣ, ಹುಷಾರ್ ಮತ್ತ. ಹಿಂಗ ಮಾಡಿದ್ರ ಗ್ಯಾರಂಟಿ ಹೋಗ್ತೈತಿ. ನಿಮಗ ಹೊಟ್ಟಿ ಉರಿಯಂಗಿಲ್ಲೇನು?"

"ಉರೀತೈತಿ."

"ಮತ್ತ ಅಮರಕ್ಕಗ ಏನ್ ಹೇಳ್ತೀರಿ?"

"ಲುಕ್ ಅಂತ ಹೇಳ್ತೀನಿ. ಹಳೇ ಲುಕ್."

"ನಿಮ್ಮ ಲುಕ್ ಮೊದಲ ಹಳೇದೈತಿ ತಗೋರಿ" ಅಂದ ಪುಣ್ಯಾತ್ಮ. ಗಣಪತಿಯ ಉಳಿದ ಪ್ರೋಗ್ರಾಮ್‌ಗೆ ಅವನೇ ಬೇರೆಯವರನ್ನು ನೋಡಿಕೊಂಡ. ಅಮರ ಇಲ್ಲದೆ ನಾನು ಹೋಗಲಿಲ್ಲ.


ಸೆಪ್ಟೆಂಬರ್ 9, ಮಂಗಳವಾರ

ರಜೆ ಹಾಕಿ ಆನೆಗೊಂದಿ. ದ್ಯಾಮಣ್ಣನ ಬಾಳೆ ತೋಟ. ನಾವಿಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು. ಈಗ ಅವನು ಭಜನೆಯಲ್ಲಿ ತಾಳ ಹಾಕುತ್ತಾನೆ. ನನ್ನನ್ನು ಹುಚ್ಚ ಅನ್ನದೆ ಒಪ್ಪಿದವನು ಅವನೊಬ್ಬ.

"ನಮ್ಮಜ್ಜನ ತಾಳ ಮೂರು ವರ್ಷ ಗದ್ದಿ ಕೆಸರಾಗ ಬಿದ್ದಿತ್ತಲೇ. ಸಿಕ್ಕಿಂದ ಬಾರಿಸಿದ್ರ ಏನ್ ದನಿ ಅಂತಿ! ಹೊಸಾ ತಾಳ ಒದರತೈತಿ, ಹಳೇ ತಾಳ ಮಾತಾಡತೈತಿ."

ಹುಳಿ ಮಜ್ಜಿಗೆಯಲ್ಲಿ ಕಲ್ಲುಪ್ಪು ಕಲಸಿದೆವು. ನಾಲ್ಕೂ ತಾಟಿಗೆ ಎರಡೂ ಬದಿ ಬಳಿದೆವು. ನಡುವೆ ಹಸಿ ಗೋಣಿಚೀಲ. ಮೊಳಕ್ಕಿಂತ ಸ್ವಲ್ಪ ಆಳದ ಗುಂಡಿ. ನನ್ನ ಕೈಯಿಂದ ಮಣ್ಣು ಹಾಕಲು ಆಗಲಿಲ್ಲ. ದ್ಯಾಮಣ್ಣ ಕಾಲಿನಿಂದಲೇ ತಳ್ಳಿ ಮುಚ್ಚಿದ, ಮುಚ್ಚಿ ಮೇಲೆ ನಿಂತು ತುಳಿದ. ಗುರುತಿಗೆ ಒಂದು ಕೋಲು, ಕೋಲಿಗೆ ಹರಿದ ಕೆಂಪು ಟವೆಲ್ಲಿನ ಚೂರು.

ಬೈಕಿನಲ್ಲಿ ಬರುವಾಗ ಹಿಂದಿನ ಸೀಟು ಹಗುರ. ಎರಡು ಸಲ ತಿರುಗಿ ನೋಡಿದೆ.

ಮನೆಯಲ್ಲಿ ಹೇಳಿದ್ದು: ಲುಕ್ ಬದಲಿಸಲು ಇಮ್ರಾನನ ಹತ್ತಿರ ಕೊಟ್ಟಿದ್ದೇನೆ. "ಹೊಸಾವಕ್ಕ ಯಾಕ ಲುಕ್ಕು?" ಅಂದಳು. ಪ್ರಶ್ನೆ ಸರಿಯಾಗೇ ಇದೆ.


ಸೆಪ್ಟೆಂಬರ್ 21. ಅಮಾವಾಸ್ಯೆ

ದ್ಯಾಮಣ್ಣನ ಫೋನು. ನಗು ತಡೆಯಲಾಗದೆ ಮಾತೇ ಬರುತ್ತಿಲ್ಲ ಅವನಿಗೆ.

"ಲೇ ಲಿಂಗ್ಯಾ, ನಿನ್ನ ತಾಟು ದೇವರಾದ್ವು!"

ಅವನ ತಾಯಿ ಮುದುಕವ್ವ ತೋಟಕ್ಕೆ ಬಂದಿದ್ದಾಳೆ. ಮಣ್ಣಿನ ಗುಡ್ಡೆ, ಕೋಲು, ಕೋಲಿಗೆ ಕೆಂಪು ಅರಿವೆ. ಕೇಳುವುದೇನಿದೆ? ಅಮಾವಾಸ್ಯೆ ಅಂತ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದಿದ್ದಾಳೆ. ಕೂಲಿಗೆ ಬಂದ ಹೆಂಗಸರು ಈಗ ಅಲ್ಲಿ ಚಪ್ಪಲಿ ಬಿಟ್ಟು ದಾಟುತ್ತಾರಂತೆ.

"ಹೇಳಿದ್ರ ನನ್ನ ಚರ್ಮ ಸುಲೀತಾಳ. ಸುಮ್ನದೀನಿ" ಅಂದ.

ನಗು ಬಂತು. ಅಮರನಿಗೆ ಹೇಳಿ ಇಬ್ಬರೂ ನಗಬೇಕಾದ ಸುದ್ದಿ. ಹೇಳುವಂತಿಲ್ಲ. ಒಬ್ಬನೇ ನಗುವುದು ಅರ್ಧ ನಗು.


ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಡ್ರಮ್ ಒರೆಸಿ, ವಿಭೂತಿ ಎಳೆದು, ಕುಂಕುಮ ಇಟ್ಟಳು. ನನ್ನ ಗೇಜ್ ಕೋಲಿಗೂ ಒಂದು ಬೊಟ್ಟು. ಖಾಲಿ ಸ್ಟ್ಯಾಂಡ್ ನೋಡಿ, "ಹಬ್ಬದಾಗೂ ಸವತಿ ತವರಮನ್ಯಾಗ ಅದಾಳೇನ್ರಿ? ಯಾವಾಗ ಬರ್ತಾಳ?" ಅಂದಳು. ಸ್ಟ್ಯಾಂಡಿಗೇ ಚೆಂಡುಹೂವು ಸಿಕ್ಕಿಸಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ತಲೆ ಎತ್ತಲಿಲ್ಲ ನಾನು.

ಆರತಿಗೆ ಪ್ರತಿವರ್ಷ ಅವಳದೇ ಹಾಡು, ಅಕ್ಕಪಕ್ಕದ ಕ್ವಾರ್ಟರ್ಸ್‌ನವರು ಬಂದು ನಿಲ್ಲುತ್ತಿದ್ದರು. ಈ ಸಲ ತುಟಿ ಮಾತ್ರ ಆಡಿತು. ಗಂಟೆ ನಾನು ಬಾರಿಸಿದೆ. ಜೋರಾಗೇ ಬಾರಿಸಿದೆ, ಆ ಮೌನ ಯಾರಿಗೂ ಕೇಳದಿರಲಿ ಅಂತ.


ಅಕ್ಟೋಬರ್ 5, ಭಾನುವಾರ

ತೆಗೆದೆವು.

ಮುದುಕವ್ವ ಊದಿನಕಡ್ಡಿ ಹಿಡಿದು ಬಂದಿದ್ದಳು. ದ್ಯಾಮಣ್ಣ ಸಲಿಕೆ ಹಿಡಿದಾಗ "ಏನ್ ಮಾಡ್ತೀಯೋ ಮೂಳಾ!" ಅಂತ ಕೂಗಿದಳು. ಹೇಳಲೇಬೇಕಾಯಿತು. ಎಲ್ಲಾ ಕೇಳಿ, ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕು ನಕ್ಕು ಕುಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಹೇಂತಿ ಸಲುವಾಗಿ ಹುಗದೀಯಾ? ಹಂಗಾರ ನಾ ಒಡದ ಕಾಯಿ ಸುಳ್ಳಾಗಂಗಿಲ್ಲ ಬಿಡು" ಅಂದಳು.

ಗೋಣಿ ಬಿಚ್ಚಿದೆ. ಹೊಳಪು ಪೂರಾ ಹೋಗಿದೆ. ಹಸಿರು, ಕಂದು, ನಡುನಡುವೆ ಕಪ್ಪು ಚುಕ್ಕೆ, ಕಳಿತ ಬಾಳೆಹಣ್ಣಿನ ಸಿಪ್ಪೆಯ ಹಾಗೆ. ತೊಳೆದು, ಒಣಗಿಸಿ, ಕೊಂಬೆಗೆ ಹಗ್ಗ ಕಟ್ಟಿ ತೂಗುಹಾಕಿ ಹೊಡೆದೆ.

ಮೊದಲು ಹತ್ತು ಎಣಿಸಿದರೂ ಇಳಿಯುತ್ತಿರಲಿಲ್ಲ. ಈಗ ಐದಕ್ಕೇ ತಣ್ಣಗಾಗುತ್ತದೆ. ದನಿ ದಪ್ಪಗಾಗಿದೆ. ಕೂಗಿ ಕರೆಯುತ್ತಿದ್ದದ್ದು ಈಗ ಹತ್ತಿರ ಬಂದು ಹೇಳುತ್ತದೆ. ದ್ಯಾಮಣ್ಣ ಕಣ್ಣು ಮುಚ್ಚಿ ಕೇಳಿದ. "ಹದಕ್ಕ ಬಂದೈತಲೇ" ಅಂದ. ಆರು ತಿಂಗಳ ಹೊಸ ಸಾಮಾನು... ಸಂಕಟ ಇಲ್ಲ ಅಂದರೆ ಸುಳ್ಳು. ಸಂತೋಷ ಅದಕ್ಕಿಂತ ಹೆಚ್ಚು.

ಮನೆಯಲ್ಲಿ:

"ಅಯ್ಯ, ಇದೇನ್ರಿ! ಕಿಲುಬು ಹಿಡದೈತಿ!"

"ಇದೇ ಲುಕ್."

"ಕಿಲುಬಿಗೆ ಲುಕ್ ಅಂತಾರೇನ್ರಿ? ಆ ಇಮ್ರಾನ ಬರ್ಲಿ ಮನಿಗೆ."


ಅಕ್ಟೋಬರ್ 12, ಭಾನುವಾರ. ಸಂಜೆ

ಇವತ್ತು ಬರೆಯಲೇಬೇಕು.

ವಾರವಿಡೀ ಸಂಜೆ ಒಬ್ಬನೇ ಬಾರಿಸುತ್ತಿದ್ದೆ. ಕರೆಯಲಿಲ್ಲ. ಅವಳು ಅಡುಗೆಮನೆಯಲ್ಲಿ, ನಾನು ಪಡಸಾಲೆಯಲ್ಲಿ. ಇವತ್ತು ರೊಟ್ಟಿ ಬಡಿಯುತ್ತ ಬಡಿಯುತ್ತ ತಾನೇ ಹಾಡು ಎತ್ತಿಕೊಂಡಳು. ನನ್ನ ತಾಳಕ್ಕೇ ರೊಟ್ಟಿ ಬಡಿಯುತ್ತಿದ್ದಳು ಅಂತ ಆಮೇಲೆ ತಿಳಿಯಿತು. ಚರಣ ಬಂತು. ಮೇಲೆ ಹೋದಳು. ದೊಡ್ಡ ಸಿಂಬಲ್ ಹೊಡೆದೆ, ಪೂರ್ತಿ ಕೈಯಿಂದ ಹೊಡೆದೆ. ಅದರ ಮೇಲೆ ಅವಳ ದನಿ ಕೇಳಿತು. ಒರಟಾಗಿ, ಸ್ವಲ್ಪ ಒಡೆದು, ಆದರೂ ಕೇಳಿತು.

ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಕೇಳಿದ್ರೇನ್ರಿ? ಗಂಟಲು ಬಿಟ್ಟೈತಿ! ಜೇಷ್ಠಮಧು ಹತ್ತೈತಿ ನೋಡ್ರಿ!"

"ಹತ್ತೈತಿ" ಅಂದೆ.

ಕಾಲೋನಿ ಸಂಘದ ವಿರುಪಾಕ್ಷಿ ನಾಲ್ಕು ದಿನದ ಹಿಂದೆ ಬಂದು, ರಾಜ್ಯೋತ್ಸವಕ್ಕೆ ಹಾಡಬೇಕು ಅಂತ ಕೇಳಿ ಹೋಗಿದ್ದ. ನೋಡೋಣ ಅಂದಿದ್ದಳು. ಈಗ ತಾನೇ ಫೋನ್ ಹಚ್ಚಿ, "ಎರಡು ಹಾಡು ಹಾಡ್ತೀನಣ್ಣ" ಅಂದಳು. ಆಮೇಲೆ ರೊಟ್ಟಿ ಒಂದು ಹೆಚ್ಚೇ ಬಡಿಸಿದಳು ನನಗೆ.

ಖುಷಿಯಲ್ಲಿ ತಿಂದೆ. ಹತ್ತಿದ್ದು ಜೇಷ್ಠಮಧು ಅಲ್ಲ ಅಂತ ಮಾತ್ರ ಹೇಳಲಿಲ್ಲ.


ಅಕ್ಟೋಬರ್ 19, ಭಾನುವಾರ. ದೀಪಾವಳಿಯ ನೀರು ತುಂಬುವ ಹಬ್ಬ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಡ್ಯೂಟಿ ಮುಗಿಸಿ ಹನ್ನೊಂದಕ್ಕೆ ಬಂದೆ. ಹಿತ್ತಲ ಕಟ್ಟೆ ಮೇಲೆ ಬಿಸಿಲಿಗೆ ಸಾಲಾಗಿ ಬೋರಲು ಹಾಕಿದ್ದಾಳೆ. ನೀರಿನ ಹಂಡೆ. ಎರಡು ಕೊಡ. ತಂಬಿಗೆ. ದೀಪದ ಕಂಬ. ಅದರ ಪಕ್ಕ ದೊಡ್ಡ ಸಿಂಬಲ್. ಸಣ್ಣದು. ಜೋಡಿ.

ಫಳಫಳ. ಯುಗಾದಿಗೆ ತಂದಾಗಲೂ ಇಷ್ಟು ಹೊಳೆದಿರಲಿಲ್ಲ.

"ನಿಮಗ ಹೇಳಿರಲಿಲ್ಲ" ಅಂದಳು. ಮುಖ ತುಂಬ ನಗು. "ಹಬ್ಬಕ್ಕ ಕಿಲುಬು ಸಾಮಾನು ಮನ್ಯಾಗ ಇಡಬಾರದು. ಹುಣಸೀಹಣ್ಣು, ಬೂದಿ ಹಾಕಿ ಎರಡು ತಾಸು ತಿಕ್ಕೀನ್ರಿ. ಎಷ್ಟು ಹಟ ಮಾಡಿದ್ವು ಅಂತೀರಿ! ಹಂಡೆ ಅರ್ಧ ತಾಸಿನ್ಯಾಗ ಆತು, ನಿಮ್ಮ ತಾಟು ಬಿಡವಲ್ವು. ನೋಡ್ಕೋರಿ ಮಾರಿ."

ನೋಡಿಕೊಂಡೆ. ಅಗಲವಾಗಿ ಕಂಡಿತು.

ಅವಳ ಬೆರಳ ತುದಿಗಳು ಹುಳಿಗೆ ಬಿಳುಚಿ ಸುಕ್ಕುಗಟ್ಟಿದ್ದವು. ಹೆಬ್ಬೆರಳಿನಲ್ಲಿ ಸೀಳು. ಸವತಿ ಅಂತ ಬೈಯುತ್ತಿದ್ದವಳು, ಗಂಡನ ಪ್ರೀತಿಯ ಸಾಮಾನು ಅಂತ ಎರಡು ತಾಸು ಕೂತು ತಿಕ್ಕಿದ್ದಾಳೆ. ಇದಕ್ಕೆ ಯಾವ ಬಾಯಿಂದ ಬೈಯಲಿ?

"ಭಾಳ ಛಲೋ ಆಗ್ಯಾವ" ಅಂದೆ. ಕೈ ಹಿಡಿದು ಕೊಬ್ಬರಿ ಎಣ್ಣೆ ಹಚ್ಚಿದೆ. "ಹಬ್ಬ ನಾಳಿಗೈತಿ, ಇವತ್ತ ಎಣ್ಣಿ ಹಚ್ಚಾಕತ್ತೀರಿ" ಅಂತ ಚೇಷ್ಟೆ ಮಾಡಿದಳು.


ಅಕ್ಟೋಬರ್ 20

ಎಣ್ಣೆಸ್ನಾನ, ಆರತಿ, ಊಟ. ಅವಳು ಪಕ್ಕದ ಮನೆಗೆ ಹೋದಾಗ ಸಿಂಬಲ್ ಹೊಡೆದು ಎಣಿಸಿದೆ. ಐದು ಆಯಿತು. ಆರು. ಏಳು. ಎಂಟು... ಒಂಬತ್ತರವರೆಗೂ ಕೂಗುತ್ತಲೇ ಇತ್ತು. ಅಲ್ಲಿಗೆ ಮುಗಿಯಿತು ಆನೆಗೊಂದಿಯ ಮಣ್ಣಿನ ಋಣ.

ರಾಜ್ಯೋತ್ಸವಕ್ಕೆ ಇನ್ನು ಹನ್ನೆರಡೇ ದಿನ.


ಅಕ್ಟೋಬರ್ 24, ಶುಕ್ರವಾರ. ಸಂಜೆ

ಇಮ್ರಾನ ಬಂದಿದ್ದ. ಮೂವರೂ ಕೂತೆವು. ಹೊಳೆಯುವ ಸಿಂಬಲ್ ನೋಡಿದವನೇ ನನ್ನ ಮುಖ ನೋಡಿದ. ಕಣ್ಣಲ್ಲೇ ಸುಮ್ಮನಿರಿಸಿದೆ.

ಚರಣ. ಅವಳು ಮೇಲೆ ಹೋದಳು. ಸಿಂಬಲ್ ಅವಳ ದನಿಯನ್ನು ಮುಚ್ಚಿಬಿಟ್ಟಿತು. ಇನ್ನೊಮ್ಮೆ ಅಂದಳು. ಇನ್ನೊಮ್ಮೆ. ನಾಲ್ಕನೇ ಸಲ ದನಿ ಒಡೆದು ಕೆಮ್ಮು ಬಂತು.

"ಮತ್ತ ಹೋತು ನೋಡ್ರಿ ಗಂಟಲು" ಅಂದಳು, ನಗಲು ನೋಡಿದಳು. "ಬಂದಂಗ ಮಾಡಿ ಹೋತು. ನಾಳೆ ವಿರುಪಾಕ್ಷಣ್ಣಗ ಹೇಳ್ತೀನಿ, ಬ್ಯಾರೆದವ್ರನ್ನ ನೋಡ್ಕೋರಿ ಅಂತ. ಇನ್ನ ಯಾವತ್ತೂ ಕೇಳಬ್ಯಾಡ್ರಿ ಅಂತನೂ ಹೇಳ್ತೀನಿ."

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟಳು. ಬಹಳ ಹೊತ್ತು ನೀರಿನ ಸದ್ದು. ಇಮ್ರಾನ ಪಿಸುಗುಟ್ಟಿದ. ಸಿರ್ಕಾ, ಅದೇ ವಿನೆಗರ್, ಜೊತೆಗೆ ಉಪ್ಪು ಇದ್ದರೆ ಸಾಕಂತೆ, ಒಂದು ದಿನದಲ್ಲಿ ಮತ್ತೆ ಕಪ್ಪಾಗುತ್ತದಂತೆ. ಮತ್ತೆ ಗಂಟಲು ಬಿಟ್ಟಿತು ಅಂತ ಅಕ್ಕ ಹಾಡುತ್ತಾಳಂತೆ.


ಅಕ್ಟೋಬರ್ 25, ಶನಿವಾರ

ಬೆಳಗ್ಗೆ ಸಿರ್ಕಾ ಬಾಟಲಿ ತಂದೆ. ಅದನ್ನು ಎದುರಿಗೆ ಇಟ್ಟುಕೊಂಡು ಕೂತೆ. ಬಳಿಯಬಹುದು. ಅವಳು ಜೇಷ್ಠಮಧು ಕುಡಿಯುತ್ತಾಳೆ. ಮುಂದಿನ ಹಬ್ಬಕ್ಕೆ ತಿಕ್ಕುತ್ತಾಳೆ. ಗಂಟಲು ಹೋಯಿತು ಅಂತ ಅಳುತ್ತಾಳೆ. ನಾನು ಮತ್ತೆ ಬಳಿಯುತ್ತೇನೆ. ಹಬ್ಬ ಹಬ್ಬಕ್ಕೂ ಅವಳ ಗಂಟಲು ಸಾಯಬೇಕು, ನಾನು ಬದುಕಿಸಬೇಕು. ನನ್ನ ಕೈಲಾಗುವುದಿಲ್ಲ.

ಅವಳು ವಿರುಪಾಕ್ಷಿಗೆ ಫೋನ್ ಹಚ್ಚುವ ಮೊದಲು ಎಲ್ಲಾ ಹೇಳಿದೆ. ಕುಷ್ಟಗಿಯಿಂದ ಹಿಡಿದು, ಮಜ್ಜಿಗೆ, ಗುಂಡಿ, ಮುದುಕವ್ವನ ಕಾಯಿಯವರೆಗೆ. ನಗಬಹುದು ಅನ್ನುವ ಸಣ್ಣ ಆಸೆ ಇತ್ತು.

"ಅಂದ್ರ ಅವತ್ತ ಗಂಟಲು ಬಿಟ್ಟಿದ್ದು?"

"ಬಿಟ್ಟಿರಲಿಲ್ಲ."

"ಜೇಷ್ಠಮಧು?"

ತಲೆ ಅಲ್ಲಾಡಿಸಿದೆ.

ಆಮೇಲೆ ಮೆಲ್ಲಗೆ ಶುರುಮಾಡಿದಳು. "ನನ್ನ ದನಿ ಹೋಗೈತಿ ಅಂತ ನಿಮಗ ಗೊತ್ತಿತ್ತು. ಇಮ್ರಾನಗ ಗೊತ್ತಿತ್ತು. ಆನೆಗೊಂದಿ ಬಾಳಿಗಿಡಕ್ಕೂ ಗೊತ್ತಿತ್ತು. ಗೊತ್ತಿಲ್ಲದಾಕಿ ನಾ ಒಬ್ಬಾಕಿನ."

"ನಿನಗ ನೋವಾಗಬಾರದು ಅಂತ..."

"ನೀ ಮೊದಲಿನಂಗ ಇಲ್ಲ ಅನ್ನಾಕ ಬಾಯಿ ಬರಲಿಲ್ಲ ನಿಮಗ. ಅದಕ್ಕ ಹೊಸಾ ತಾಟಿಗೆ ಮುಪ್ಪು ತಂದ್ರಿ. ದನಿ ಕೇಳಿ ಬಂದವ್ರು ನೀವು. ಮಾರಿ ನೋಡಿ ಬಂದವ್ರಲ್ಲ. ಆಪರೇಷನ್ ಆದ ದಿನದಿಂದ ಅದೊಂದ ಹೆದರಿಕಿ ನನಗ. ದನಿ ಹೋದ ಮ್ಯಾಲ ನಾ ಇವ್ರಿಗೆ ಯಾಕ ಬೇಕು ಅಂತ. ನಾ ಎಷ್ಟು ಮುಚ್ಚಿಟ್ಕೊಂಡೀನಿ ಗೊತ್ತೈತೇನ್ರಿ? ನೀವು ಅದನ್ನ ಮಣ್ಣಾಗ ಮುಚ್ಚಿ ಬಂದ್ರಿ."

ಹಾಗಲ್ಲ ಅಂದೆ. ಅಷ್ಟರಲ್ಲಿ ಎದ್ದು ಹೋಗಿದ್ದಳು. ಸಿರ್ಕಾ ಬಾಟಲಿ ಅಲ್ಲೇ ಇತ್ತು. ಬಚ್ಚಲಿಗೆ ಸುರಿದೆ.


ಅಕ್ಟೋಬರ್ 28

ಮಾತಿಲ್ಲ. ಊಟ ಬರುತ್ತದೆ. ಬಿಸಿಯಾಗೇ ಬರುತ್ತದೆ, ಅಷ್ಟೇ ಸಮಾಧಾನ.

ಗೇಟ್ ಹತ್ತಿರ ವಿರುಪಾಕ್ಷಿ ಸಿಕ್ಕಿದ್ದ. "ಅಕ್ಕಾರ ಹೆಸರು ಪಾಂಪ್ಲೆಟ್ನ್ಯಾಗ ಹಾಕಿಸೀವ್ರಿ" ಅಂದ. ಅಂದರೆ ಬೇಡ ಅಂತ ಇನ್ನೂ ಹೇಳಿಲ್ಲ ಅವಳು. ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಬಿಸಿಲು ಭಾಳ ಐತಲ್ಲ ಅಂದೆ.


ಅಕ್ಟೋಬರ್ 30, ಗುರುವಾರ. ಸಂಜೆ

ಅವಳೇ ಇಮ್ರಾನನಿಗೆ ಫೋನ್ ಮಾಡಿ ಕರೆಸಿದ್ದಾಳೆ. ನಾನು ಬರುವಷ್ಟರಲ್ಲಿ ಪಡಸಾಲೆಯ ಬಾಗಿಲು ಮುಂದಕ್ಕೆ ಎಳೆದಿತ್ತು. ಒಳಗೆ ಹೋಗಲಿಲ್ಲ. ಹೊರಗೆ ಕಟ್ಟೆ ಮೇಲೆ ಕೂತೆ.

ಅದೇ ಹಾಡು. ಅರ್ಧಕ್ಕೆ ನಿಂತಿತು.

"ಇಳಸು" ಅಂದಳು. ಅವನು ಶ್ರುತಿ ಇಳಿಸಿದ. "ಇನ್ನೊಂದು ಇಳಸು." ಇಳಿಸಿದ. "ಇನ್ನೂ."

"ಅಮರಕ್ಕ, ಭಾಳ ಕೆಳಗಾತು."

"ನಾ ಕೆಳಗ ಅದೀನಪ್ಪ ಈಗ. ಎಲ್ಲಿ ಅದೀನೋ ಅಲ್ಲಿಂದನ ಹಾಡ್ತೀನಿ."

ಹಾಡಿದಳು.

ಈ ದನಿ ನನಗೆ ಪರಿಚಯವಿಲ್ಲ. ದಪ್ಪ, ಒಣ, ಅಂಚಿನಲ್ಲಿ ಸ್ವಲ್ಪ ಹರಿದದ್ದು. ಅವಸರವಿಲ್ಲ. ಹತ್ತು ತಿಂಗಳಿನಿಂದ ಇದು ಇದೇ ಮನೆಯಲ್ಲಿತ್ತು. ಚಹಾ ಬೇಕೇನ್ರಿ ಅಂತ ಕೇಳುತ್ತಿತ್ತು, ಗ್ಯಾಸ್ ಬಂದಿದೆ ಅಂತ ಕೂಗುತ್ತಿತ್ತು. ನಾನು ಒಂದು ದಿನವೂ ಕಿವಿಗೊಡಲಿಲ್ಲ. ಹಳೆಯದನ್ನೇ ಹುಡುಕುತ್ತಿದ್ದೆ. ಅದು ಬರಲಿ ಅಂತ ಸಿಂಬಲ್ ಹೂಳಿದೆ, ಬಂದಿದ್ದ ಇದನ್ನು ಕೇಳಲಿಲ್ಲ. ನಾಚಿಕೆಯಾಯಿತು. ಬಹಳ ಪ್ರೀತಿಯೂ ಬಂತು. ಎರಡೂ ಒಟ್ಟಿಗೆ ಬಂದಾಗ ಏನು ಮಾಡಬೇಕು ತಿಳಿಯದೆ ಚಪ್ಪಲಿಯ ಮಣ್ಣು ಕೆರೆಯುತ್ತ ಕೂತೆ.

ಬಾಗಿಲು ತೆರೆಯಿತು. "ಹೊರಗ್ಯಾಕ ಕುಂತೀರಿ? ಚಾ ಕುಡೀತೀರೇನು?"

ಐದು ದಿನದ ಮೇಲೆ ಮೊದಲ ಮಾತು. ಕುಡಿಯುತ್ತೇನೆ ಅಂದೆ. "ಅವತ್ತ ಈ ದನಿ ಕೇಳಿದ್ರೂ ಹುಡುಕ್ಕೊಂಡು ಬರ್ತಿದ್ನಿ ನಾ" ಅಂತಲೂ ಅಂದೆ. ಸಕ್ಕರೆ ಡಬ್ಬಿ ಮುಚ್ಚಳ ತೆಗೆಯುತ್ತ ಬೆನ್ನು ತಿರುಗಿಸಿಕೊಂಡಳು. ಚಹಾಕ್ಕೆ ಎರಡು ಸಲ ಸಕ್ಕರೆ ಬಿದ್ದಿತ್ತು. ಪೂರಾ ಕುಡಿದೆ.


ಅಕ್ಟೋಬರ್ 31

ಸಿಂಬಲ್ ಚೀಲಕ್ಕೆ ಹಾಕುತ್ತಿದ್ದೆ. ಬಂದು ನಿಂತಳು.

"ಅವು ಹೆಂಗದಾವ ಹಂಗ ಇರ್ಲಿ. ಹೊಸಾವು ಹೊಸಾವಿದ್ದಂಗ, ನಾ ನಾ ಇದ್ದಂಗ. ಇನ್ನೊಮ್ಮೆ ಅವನ್ನ ಮಣ್ಣಿಗೆ ಹಾಕಿದ್ರ ನಿಮ್ಮನ್ನೂ ಅಲ್ಲೇ ಹಾಕ್ತೀನಿ. ಮುದುಕವ್ವ ದಿನಾ ಕುಂಕುಮ ಹಚ್ಚತಾಳ."

ಆಮೇಲೆ ನಕ್ಕಳು. ಮುದುಕವ್ವನ ಕಥೆ ಇನ್ನೊಮ್ಮೆ ಹೇಳಿಸಿದಳು. ಚಪ್ಪಲಿ ಬಿಟ್ಟು ದಾಟುವುದನ್ನು ಎದ್ದು ನಿಂತು ಮಾಡಿ ತೋರಿಸಬೇಕಾಯಿತು. ಇಬ್ಬರೂ ನಕ್ಕೆವು.

"ನಾಳೆ ಹೆಂಗ ಬಾರಸ್ಲಿ? ಮೆಲ್ಲಕೋ, ಜೋರಾಗೋ?" ಅಂತ ಕೇಳಿದೆ.

"ಕೇಳಿಕೋತ ಬಾರಸ್ರಿ" ಅಂದಳು.


ನವೆಂಬರ್ 1, ಶನಿವಾರ. ಸಂಜೆ 6.50

ಕಾಲೋನಿ ಮೈದಾನ. ಮೊದಲನೇ ಸಾಲು, ಪ್ಲಾಸ್ಟಿಕ್ ಕುರ್ಚಿ. ತೊಡೆ ಮೇಲೆ ಡೈರಿ, ಡೈರಿ ಮೇಲೆ ಡ್ರಮ್ ಕಡ್ಡಿ. ಪಕ್ಕದವರು ನಾನು ಇಲಾಖೆಯ ಹಾಜರಿ ಬರೆಯುತ್ತಿದ್ದೇನೆ ಅಂದುಕೊಂಡಿರಬೇಕು. ಸುಮ್ಮನೆ ಕೂರಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸ್ಟೇಜ್ ಮೇಲೆ ಎಲ್ಲಾ ಜೋಡಿಸಿ ಸ್ಟೂಲ್ ಮೇಲೆ ಕೂತಿದ್ದೆ. ಬಂದು ಎಬ್ಬಿಸಿದಳು.

"ಮೊದಲನೇ ಹಾಡಿಗೆ ನೀವು ಬ್ಯಾಡ್ರಿ. ಇಮ್ರಾನ ಶ್ರುತಿ ಹಿಡೀತಾನ, ಸಾಕು. ಎರಡನೇದಕ್ಕ ಬರ್ರಿ."

"ಯಾಕ?"

"ಮುಂದ ಹೋಗಿ ಕುಂದರ್ರಿ. ಇಪ್ಪತ್ತೆರಡು ವರ್ಷ ನನ್ನ ಹಿಂದ ಕುಂತು ಜಡಿ ನೋಡಿಕೋತ ಬಾರಿಸೀರಿ. ಇವತ್ತ ಮಾರಿ ನೋಡ್ರಿ."

ಮೆಟ್ಟಿಲು ಇಳಿಯುವಾಗ ಲೆಕ್ಕ ಹಾಕಿದೆ. ನಿಜ. ಮೊದಲು ಲೌಡ್‌ಸ್ಪೀಕರ್, ಆಮೇಲೆ ಜಡೆ. ಹಾಡುವಾಗ ನನ್ನ ಹೆಂಡತಿಯ ಮುಖ ಹೇಗಿರುತ್ತದೆ ಅಂತ ಊರಿಗೆಲ್ಲ ಗೊತ್ತು. ನನಗೆ ಗೊತ್ತಿಲ್ಲ.

ವಿರುಪಾಕ್ಷಿ ಅವಳ ಹೆಸರು ಕೂಗಿದ. ಚಪ್ಪಾಳೆ. ನನ್ನ ಸ್ಟೂಲ್ ಖಾಲಿ ಇದೆ. ಸಿಂಬಲ್ ಮೂರೂ ಕಡೆಯಿಂದ ಲೈಟ್ ಹೊಡೆಯುತ್ತಿವೆ, ಕಣ್ಣಿಗೆ ಚುಚ್ಚುವಷ್ಟು. ಅವುಗಳ ಮುಂದೆ ಬಂದು ನಿಂತಳು. ಮೈಕ್ ಸ್ವಲ್ಪ ಕೆಳಗೆ ಎಳೆದುಕೊಂಡಳು. ನನ್ನನ್ನು ಹುಡುಕುತ್ತಿದ್ದಾಳೆ... ಸಿಕ್ಕೆ. ಕೈ ಎತ್ತಲಾ? ಬೇಡ.

ಇಮ್ರಾನ ಶ್ರುತಿ ಕೊಟ್ಟ. ಕೆಳಗಿನದು, ಮೊನ್ನೆ ಇಳಿಸಿದ್ದು.

ಶುರುಮಾಡಿದಳು.

ಜನ ಮಾತು ನಿಲ್ಲಿಸಿದರು. ಎದುರಿನಿಂದ ಇದು ಬೇರೆಯೇ... ಹಾಡುವಾಗ ಅವಳ ಎಡಗಡೆ ಹುಬ್ಬು, ಸಾಲು ತಿರುಗುವ ಕಡೆ, ಸ್ವಲ್ಪ... ಬರೆಯುವುದು ಸಾಕು. ನೋಡುತ್ತೇನೆ.